ನಲ್ಲಪ್ಪ, ಜಿ. (2004)

ನಾನು ಹೇಳುವುದರಲ್ಲಿ ಒಂದೇ ಒಂದು ಸುಳ್ಳಿದ್ದರೂ, ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟಿಗೆ ನನ್ನನ್ನು ಹೊತ್ತುಕೊಂಡು ಹೋಗಿ ರೇಷ್ಮೆಗೂಡಿನ ಜೊತೆ ಹರಾಜು ಹಾಕಿಬಿಡಿ.

“ಹರಾಜು ಹಾಕಿದ್ರೂ ನಿನ್ನ ಯಾರಪ್ಪ ಕೂಗ್ತಾರೆ?” ಅಂದರು ಎದುರುಮನೆ ರಾಮಲಕ್ಷ್ಮಮ್ಮ, ನಮ್ಮ ಜಗಲಿಯ ಕಂಬಕ್ಕೆ ಒರಗಿಕೊಂಡು. “ಹೇಳು, ಹೇಳು. ನಮ್ಮ ಹುಳಕ್ಕೆ ಸೊಪ್ಪು ಹಾಕೋವರ್ಗೂ ಕೇಳ್ತೀನಿ. ಆಮೇಲೆ ಒಂದು ಚಣ ಕೂರಲ್ಲ.”

ಅಷ್ಟು ಹೊತ್ತು ಸಾಕು. ಇದು ಪ್ರೇಮಕಥೆ. ಇದರಲ್ಲಿ ಒಬ್ಬಳು ಹುಡುಗಿ ತನ್ನದನ್ನೇ ತಾನು ಕದ್ದ ಆರೋಪ ಹೊತ್ತಳು. ಒಬ್ಬ ಹುಡುಗ ಎರಡು ವರ್ಷ ಅವಳ ಅಪ್ಪನನ್ನು ಪ್ರೀತಿಸಿದ...

“ಅಪ್ಪನ್ನಾ?!”

ಅದಕ್ಕೇ ಹೇಳಿದ್ದು, ಪೂರ್ತಿ ಕೇಳಿ ಅಂತ.

* * *

“ಇದು ಕದ್ದಿದ್ದು, ಮೇಡಂ.”

ಆ ಗಂಡಸಿನ ಬಾಯಿಂದ ಗೌತಮಿಗೆ ಕೇಳಿಸಿದ ಮೊಟ್ಟಮೊದಲ ಮಾತು ಇದು. ನಮಸ್ಕಾರ ಇಲ್ಲ, ಕೂತ್ಕೊಳ್ಳಿ ಇಲ್ಲ...

2006ನೇ ಇಸವಿ. ಚಿಕ್ಕಬಳ್ಳಾಪುರದ ಬಿ.ಬಿ. ರಸ್ತೆಯಲ್ಲಿ ಒಂದು ಬೇಕರಿ, ಅದರ ಮಹಡಿಯ ಮೇಲೆ ಒಂದು ಕೋಣೆ. ‘ಬಯಲು ಸಂಶೋಧನೆ’ ಎಂಬ ಪತ್ರಿಕೆ ಹೊರಡುತ್ತಿದ್ದದ್ದು ಅಲ್ಲಿಂದ. ಕಾಲೇಜು ಮೇಷ್ಟ್ರುಗಳು ಬರೆಯುವ, ಕಾಲೇಜು ಮೇಷ್ಟ್ರುಗಳೇ ಓದುವ ಪತ್ರಿಕೆ ಅದು.

ಮೇಜಿನ ಹಿಂದೆ ಕೂತಿದ್ದವನು ಗೌರಿಬಿದನೂರಿನ ಗಣೇಶ್ ಪ್ರಸಾದ್. ಲೇಖನಗಳ ಕೊನೆಯಲ್ಲಿ ಬರುವ ರೆಫರೆನ್ಸ್ ಪಟ್ಟಿಯನ್ನು ತಿದ್ದುವುದು ಅವನ ಕೆಲಸ. ಯಾರ ಪುಸ್ತಕ, ಯಾವ ಇಸವಿ, ಯಾವ ಪುಟ, ಎಲ್ಲಿ ಕಾಮಾ, ಎಲ್ಲಿ ಫುಲ್‌ಸ್ಟಾಪ್... ಅದರಲ್ಲಿ ಅವನು ಎಷ್ಟು ಕಟ್ಟುನಿಟ್ಟು ಅಂದರೆ, ಒಮ್ಮೆ ಬಸ್ ಟಿಕೆಟ್ಟಿನಲ್ಲಿ ಫುಲ್‌ಸ್ಟಾಪ್ ಇಲ್ಲವೆಂದು ಮಂಚೇನಹಳ್ಳಿಯಲ್ಲಿ ಬಸ್ಸು ನಿಲ್ಲಿಸಿ, ಕಂಡಕ್ಟರ್ ಕೈಯಲ್ಲೇ ಹಾಕಿಸಿದ್ದ. ಹಿಂದೆ ನಿಂತಿದ್ದ ಲಾರಿಗಳು ಗೌರಿಬಿದನೂರಿನವರೆಗೂ ಇದ್ದವು.

“ಏನಂದ್ರಿ?” ಎಂದಳು ಗೌತಮಿ.

ಅವಳು ಚಿಂತಾಮಣಿಯ ಒಂದು ಕಾಲೇಜಿನಲ್ಲಿ ಇತಿಹಾಸ ಹೇಳುವ ಗೆಸ್ಟ್ ಲೆಕ್ಚರರ್. ರೇಷ್ಮೆಹುಳು ಸಾಕುವ ಮನೆಗಳ ಹೆಂಗಸರ ಬಗ್ಗೆ ಹೊಸ ಲೇಖನ ಕಳಿಸಿದ್ದಳು. ಅದು ಅಚ್ಚಾದರೆ ಪಿಎಚ್‌ಡಿಗೆ ದಾರಿ. ಏನಾಯಿತೆಂದು ಕೇಳಲು ಎರಡು ಬಸ್ಸು ಬದಲಿಸಿ ಬಂದಿದ್ದಳು.

ಅವನು ಹಾಳೆ ತಿರುಗಿಸಿ ಗಟ್ಟಿಯಾಗಿ ಓದಿದ. “‘ಹುಳು ಜ್ವರಕ್ಕೆ ಕೂತ ಮನೆಯಲ್ಲಿ ದನಿ ಏರಿಸುವಂತಿಲ್ಲ. ಜಗಳವಿದ್ದರೆ ಹೊರಗೆ ಹುಣಸೇಮರದ ಕೆಳಗೆ ಆಡಿ ಮುಗಿಸಿ, ಕಾಲು ತೊಳೆದುಕೊಂಡು ಒಳಗೆ ಬರಬೇಕು.’ ಈ ಸಾಲು ನಿಮ್ಮದಲ್ಲ.”

“ಮತ್ತೆ ಯಾರದ್ದು?”

ಅವನು ಕುರ್ಚಿಯಿಂದ ಎದ್ದು ನಿಂತ. ದೇವರ ಹೆಸರು ಹೇಳುವವನ ಹಾಗೆ ಹೇಳಿದ. “ನಲ್ಲಪ್ಪನವರದು.”

ಗೌತಮಿಯ ಬಾಯಿ ತೆರೆದದ್ದು ತೆರೆದ ಹಾಗೇ ಉಳಿಯಿತು.

“ನಲ್ಲಪ್ಪ, ಕಾಮಾ, ಜಿ., ಎರಡು ಸಾವಿರದ ನಾಲ್ಕು. ‘ಹುಳುಮನೆಯ ಹೆಂಗಸರು’. ನಮ್ಮ ಪತ್ರಿಕೇಲೇ ಬಂದಿದೆ! ಅಂಥಾ ಲೇಖನದಿಂದ ಸಾಲು ಎತ್ಕೊಂಡು, ರೆಫರೆನ್ಸಲ್ಲಿ ಅವರ ಹೆಸರೂ ಹಾಕಿಲ್ವಲ್ರೀ ನೀವು!”

ಆ ನಲ್ಲಪ್ಪ ಬೇರೆ ಯಾರೂ ಅಲ್ಲ. ಗೌತಮಿಯ ಅಪ್ಪ. ಆ ಲೇಖನ ಬರೆದವಳು ಗೌತಮಿಯೇ!

“ಅದು ಹೆಂಗೆ?” ಎಂದರು ರಾಮಲಕ್ಷ್ಮಮ್ಮ.

ಹೇಳುತ್ತೇನೆ. ನಮ್ಮ ಕಡೆ ಜನಕ್ಕೆ ಇರುವುದು ಒಂದು ಹೆಸರು, ಮುಂದೆ ಒಂದು ಇನಿಷಿಯಲ್. ಇನಿಷಿಯಲ್ ಅಂದರೆ ಅಪ್ಪನ ಹೆಸರು, ಇಲ್ಲವೇ ಊರಿನ ಹೆಸರು. ಪತ್ರಿಕೆಯ ಸಂಪಾದಕರಾದ ನಿವೃತ್ತ ಪ್ರಿನ್ಸಿಪಾಲ್ ಯೋಗನರಸಿಂಹ ಅವರಿಗೆ ಮಾತ್ರ ತಮ್ಮ ಪತ್ರಿಕೆ ಫಾರಿನ್ ಪತ್ರಿಕೆಯ ಹಾಗೆ ಕಾಣಬೇಕೆಂದು ಆಸೆ. ಇನಿಷಿಯಲ್ ಬಿಡಿಸಿ ಹೆಸರಿನ ಹಿಂದೆ ಬರೆಯಿರಿ ಎಂದರು. ಎನ್. ಗೌತಮಿ ಹೋಗಿ ಗೌತಮಿ ನಲ್ಲಪ್ಪ ಆದಳು. ಅಚ್ಚು ಮಾಡುವಾಗ ಕೊನೆಯ ಹೆಸರು ಮೊದಲು ಬರಬೇಕು ಎಂದರು. ಗೌತಮಿ ನಲ್ಲಪ್ಪ ಹೋಗಿ ‘ನಲ್ಲಪ್ಪ, ಜಿ.’ ಆಯಿತು. ಫಾರಿನ್ನಿನಲ್ಲಿ ಕೊನೆಯಲ್ಲಿರುವುದು ಮನೆತನದ ಹೆಸರು. ನಮ್ಮಲ್ಲಿ ಕೊನೆಯಲ್ಲಿದ್ದದ್ದು ಅಪ್ಪ.

ಹೀಗೆ ಅಪ್ಪ ವಿದ್ವಾಂಸರಾದರು. ಮಗಳು ಒಂದು ಚುಕ್ಕೆಯ ಪಕ್ಕದ ಅಕ್ಷರವಾದಳು.

ಆಗಲೇ ತಿದ್ದಿಸಬಹುದಿತ್ತು. ಆದರೆ ನಲ್ಲಪ್ಪ ಆ ಸಂಚಿಕೆಯನ್ನು ಎದೆಗೊತ್ತಿಕೊಂಡು ಊರೆಲ್ಲ ತೋರಿಸಿ ಬಂದಿದ್ದರು. ‘ನನ್ನ ಬರಹ ಅಪ್ಪನ ಹೆಸರಲ್ಲಿ ಬಂದರೇನಂತೆ... ಓದುವವರು ತಾನೆ ಯಾರು?’ ಎಂದು ಗೌತಮಿ ಸುಮ್ಮನಾಗಿದ್ದಳು.

ಓದಿದವನು ಎದುರಿಗೆ ನಿಂತಿದ್ದ!

“ನಿಮಗೆ ಗೊತ್ತಾ ಮೇಡಂ,” ಅವನ ದನಿ ಮೆತ್ತಗಾಯಿತು. “ಎಂ.ಎ. ಓದ್ತಿದ್ದಾಗ ಆ ಲೇಖನ ಕೈಗೆ ಸಿಕ್ತು. ಅದನ್ನ ಓದೇ ಈ ಪತ್ರಿಕೆಗೆ ಕೆಲಸಕ್ಕೆ ಬಂದೆ. ಎಷ್ಟು ಸಲ ಅಂದ್ಕೊಂಡಿದ್ದೀನಿ... ಹಿಂಗೆ ನೋಡೋ ಕಣ್ಣಿರೋ ಮನುಷ್ಯನ ಜೊತೆ ಜೀವನ ಪೂರ್ತಿ ಮಾತಾಡ್ಕೊಂಡು ಇದ್ಬಿಡಬಹುದು ಅಂತ.”

 ಬರೆಯಲು ಶುರುಮಾಡಿದ ಮೇಲೆ ಯಾರೂ ಗೌತಮಿಗೆ ಒಂದು ಒಳ್ಳೆಯ ಮಾತು ಹೇಳಿರಲಿಲ್ಲ. ಇವತ್ತು ಒಬ್ಬ ಹೇಳುತ್ತಿದ್ದಾನೆ. ಅವಳ ಕಣ್ಣಲ್ಲಿ ಕಣ್ಣಿಟ್ಟೇ ಹೇಳುತ್ತಿದ್ದಾನೆ. ಆದರೆ ಅಪ್ಪನಿಗೆ ಹೇಳುತ್ತಿದ್ದಾನೆ! ಕೇಳಿ ಕರಗಬೇಕೋ, ಮೇಜಿನ ಮೇಲಿನ ಅಂಟಿನ ಡಬ್ಬಿ ತೆಗೆದು ತಲೆಗೆ ಸುರಿಯಬೇಕೋ...

“ಅದನ್ನ ಬರೆದವಳು ನಾನೇ ಅಂದ್ರೆ?”

ಅವನು ನಕ್ಕ. ಅದೇ ತಪ್ಪಾಯಿತು. “ಮೇಡಂ, ಅದು ಜೀವನ ಕಂಡಿರೋ ಹಿರಿಯರು ಬರೆಯೋ ಬರಹ.”

‘ಸರಿ ಮಗನೇ,’ ಎಂದುಕೊಂಡಳು ಗೌತಮಿ. ‘ನಗು. ನಗು.’

“ಆ ಹಿರಿಯರನ್ನ ನೋಡಿದ್ದೀರಾ?”

“ಇಲ್ಲ. ನೋಡಿದ್ರೆ ಕಾಲಿಗೆ ಬೀಳ್ತೀನಿ.”

“ಹಂಗಾದ್ರೆ ಹೋಗಿ ಬೀಳಿ! ಶಿಡ್ಲಘಟ್ಟದಿಂದ ದಿಬ್ಬೂರಹಳ್ಳಿ ಬಸ್ ಹತ್ತಿ. ಇಳಿದು ನಲ್ಲಪ್ಪ ಅಂದ್ರೆ ನಾಯಿ ಕೂಡ ಮನೆ ತೋರ್ಸುತ್ತೆ. ಅವರನ್ನೇ ಕೇಳಿ, ಗೌತಮಿ ಕಳ್ಳೀನಾ ಅಂತ!”

“ಕೇಳ್ತೀನಿ. ಆದ್ರೆ ಬೆಳಿಗ್ಗೇನೇ ಸಂಪಾದಕರಿಗೆ ದೂರು ಬರೆದು ಕೊಟ್ಟಾಯ್ತು, ಮೇಡಂ. ಭಾನುವಾರ ಸಮಿತಿ ಸೇರುತ್ತೆ. ತಪ್ಪು ಅಂತಾದ್ರೆ ನಿಮ್ಮ ಕಾಲೇಜಿಗೆ ತಿಳಿಸ್ತಾರೆ.”

ಗೌತಮಿ ಬ್ಯಾಗು ಎಳೆದುಕೊಂಡು ಹೆಗಲಿಗೇರಿಸಿದಳು. ಕಾಲೇಜಿಗೆ ತಿಳಿದರೆ ಕೆಲಸ ಹೋಯಿತು. ಪಿಎಚ್‌ಡಿಯ ಬಾಗಿಲು ಮುಚ್ಚಿತು. ಅದಕ್ಕಿಂತ ಹೆಚ್ಚಾಗಿ... ತಾನು ಬರೆದ ಒಂದೊಂದು ಸಾಲಿನ ಮೇಲೂ ಇನ್ನು ‘ಕಳ್ಳಿ’ ಎಂಬ ಹೆಸರು!

ಅವಳು ಮೆಟ್ಟಿಲಿಳಿದ ರಭಸಕ್ಕೆ ಕೆಳಗೆ ಬೇಕರಿಯಲ್ಲಿ ಅರ್ಧ ಬೆಂದಿದ್ದ ಬನ್ನುಗಳೆಲ್ಲ ಒಂದೇ ಸಲಕ್ಕೆ ಉಬ್ಬಿದವು. ಇವತ್ತಿಗೂ ಆ ಬೇಕರಿಯವರು ಆ ದಿನದ ಬನ್ನು ಮತ್ತೆ ಬರಲಿಲ್ಲ ಎನ್ನುತ್ತಾರೆ.

* * *

ಮಾರನೆಯ ದಿನವೇ ಗಣೇಶ್ ಪ್ರಸಾದ್ ದಿಬ್ಬೂರಹಳ್ಳಿಯಲ್ಲಿ ಇಳಿದ. ಕೈಯಲ್ಲಿ ಬಾಳೆಹಣ್ಣು, ಬಗಲಲ್ಲಿ ಒಂದು ಶಾಲು. ಗೌತಮಿ ಹೇಳಿದ್ದು ಸುಳ್ಳಲ್ಲ. ನಿಜಕ್ಕೂ ಒಂದು ನಾಯಿ ಮನೆಯವರೆಗೂ ಬಿಟ್ಟುಬಂತು.

ನಲ್ಲಪ್ಪ ಗೂಡಿನ ಮಾರ್ಕೆಟ್ಟಿನಲ್ಲಿ ತೂಕ ಹಾಕುವ ಕೆಲಸದಿಂದ ನಿವೃತ್ತರಾದವರು. ಬಾಗಿಲಲ್ಲಿ ನಿಂತಿದ್ದರು.

“ನಲ್ಲಪ್ಪನವರು...?”

“ನಾನೇ.”

ದಡಾರನೆ ಕಾಲಿಗೆ ಬಿದ್ದ. ನಲ್ಲಪ್ಪ ಗಾಬರಿಯಾಗಿ ಪಿಸುಗುಟ್ಟಿದರು. “ಮೆಲ್ಲಗೆ ಸಾರ್, ಮೆಲ್ಲಗೆ! ಒಳಗೆ ಹುಳ ಜ್ವರಕ್ಕೆ ಕೂತವೆ.”

ರೇಷ್ಮೆಹುಳು ಪೊರೆ ಕಳಚುವ ಮೊದಲು ಸೊಪ್ಪು ಬಿಟ್ಟು, ತಲೆಯೆತ್ತಿ, ಅಲ್ಲಾಡದೆ ಕೂರುತ್ತದೆ. ಅದಕ್ಕೆ ಜ್ವರ ಅನ್ನುತ್ತಾರೆ. ಆಗ ಆ ಮನೆಯಲ್ಲಿ ಸದ್ದು ಕೂಡದು.

ಗಣೇಶ್ ಪ್ರಸಾದನಿಗೆ ರೋಮಾಂಚನವಾಯಿತು. ಲೇಖನದಲ್ಲಿದ್ದ ಹಾಗೇ! ಅವನೂ ಪಿಸುದನಿಗೆ ಇಳಿದ.

“ಸರ್... ನಿಮ್ಮ ಲೇಖನ ಓದಿ ಕಣ್ಣಲ್ಲಿ ನೀರು ಬಂತು.”

“ನಂದಾ?”

“ನಿಮ್ಮದೇ.”

 ನಲ್ಲಪ್ಪನವರ ತೂಕ ನೋಡಿ ರೈತರು ಅತ್ತಿದ್ದುಂಟು. ಬರಹ ನೋಡಿ ಯಾರೂ ಅತ್ತಿರಲಿಲ್ಲ. “ಬರ್ಲಿ ಬಿಡಿ,” ಎಂದರು. “ಕೂತ್ಕೊಳಪ್ಪ.”

“ಅದನ್ನ ಒಬ್ಬಳು ಕದ್ದಿದ್ದಾಳೆ, ಸರ್.”

“ಯಾರು?”

“ಎನ್. ಗೌತಮಿ ಅಂತ. ಚಿಂತಾಮಣೀಲಿ ಲೆಕ್ಚರರ್.”

ನಲ್ಲಪ್ಪನವರ ಮುಖದಲ್ಲಿ ಒಂದು ಗೆರೆಯೂ ಅಲ್ಲಾಡಲಿಲ್ಲ. “ಓ... ಅವಳಾ. ಅವಳ ಕೈ ಚಿಕ್ಕಂದಿನಿಂದ್ಲೂ ಅಂಥದ್ದೇ. ಬೆಲ್ಲದ ಡಬ್ಬಿ ಅಟ್ಟದ ಮೇಲಿಟ್ರೂ ಬಿಡ್ತಿರ್ಲಿಲ್ಲ.”

“ನಿಮಗೆ ಗೊತ್ತಾ ಅವಳು?!”

“ಈ ಮನೇಲೇ ಬೆಳೆದಿದ್ದು.”

“ಎಂಥಾ ದ್ರೋಹ, ಸರ್!”

“ಹೂಂ. ಮುದ್ದೆ ಉಣ್ತೀರಾ?”

ಒಳಗಿನಿಂದ ಪೆದ್ದಮ್ಮ ತಟ್ಟೆ ತಂದಿಟ್ಟರು. ಗೌತಮಿಯ ತಾಯಿಯ ಅಕ್ಕ ಅವರು. ಆ ಮನೆಯ ಹುಳು, ಒಲೆ, ಮನುಷ್ಯರು ಎಲ್ಲ ಅವರ ಕೈಕೆಳಗೆ. “ತಿನು ನಾಯನಾ,” ಎಂದು ತೆಲುಗಿನಲ್ಲಿ ಪಿಸುಗುಟ್ಟಿ ಒಂದು ಸೌಟು ಉಪ್ಸಾರು ಹೆಚ್ಚಾಗಿಯೇ ಸುರಿದರು.

ಮುದ್ದೆ ಮುರಿದು ಬಾಯಿಗಿಟ್ಟಿದ್ದ, ಅಷ್ಟರಲ್ಲಿ ಬಾಗಿಲಲ್ಲಿ ನೆರಳು ಬಿತ್ತು. ಹೆಗಲಲ್ಲಿ ಬ್ಯಾಗು, ಕೈಬೆರಳಲ್ಲಿ ಸೀಮೆಸುಣ್ಣದ ಪುಡಿ.

“ಅಪ್ಪಾ, ಬಸ್ ಇವತ್ತು...” ಎಂದವಳು ನಿಂತುಬಿಟ್ಟಳು.

ಗಣೇಶ್ ಪ್ರಸಾದ್ ಅವಳನ್ನು ನೋಡಿದ. ನಲ್ಲಪ್ಪನವರನ್ನು ನೋಡಿದ. ಮತ್ತೆ ಅವಳನ್ನು. ಬಾಯಿಯ ತುತ್ತು ಇಳಿಯಲೂ ಇಲ್ಲ, ಹೊರಬರಲೂ ಇಲ್ಲ.

“ಅಪ್ಪ...?” ಎಂದ, ಪಿಸುದನಿಯಲ್ಲಿ.

“ಹೌದು,” ಅವಳೂ ಪಿಸುಗುಟ್ಟಿದಳು. “ಇನಿಷಿಯಲ್!”

“ಅಂದ್ರೆ ಆ ಲೇಖನ...”

“ಎಲ್ಲಾ ನಾನು ಹೇಳಿದ್ದು,” ಎಂದರು ಪೆದ್ದಮ್ಮ, ಇನ್ನೂ ಮೆಲ್ಲಗೆ. “ಬರ್ಕೊಂಡಿದ್ದು ಈ ಪಿಲ್ಲ. ಇವರಪ್ಪನಿಗೆ ಸೈನ್ ಹಾಕೋಕೇ ಅರ್ಧ ದಿನ ಬೇಕು.”

ನಾನು ಅನೇಕ ಜಗಳ ನೋಡಿದ್ದೇನೆ. ಆದರೆ ಅವತ್ತಿನ ಜಗಳದಂಥದ್ದು ಭೂಮಿಯ ಮೇಲೆ ನಡೆದಿಲ್ಲ. ಕೋಪ ಆಕಾಶಕ್ಕೆ, ದನಿ ನೆಲಕ್ಕೆ!

“ನನ್ನನ್ನ ಕಳ್ಳಿ ಅಂದ್ರಲ್ಲ!” — ಪಿಸುಮಾತು.

“ಹೇಳ್ಬಹುದಿತ್ತಲ್ಲ ನೀವು!” — ಪಿಸುಮಾತು.

“ಹೇಳಿದೆ! ನಕ್ಕಿರಿ!” — ಪಿಸುಮಾತು.

“ಶ್!” ಪೆದ್ದಮ್ಮ ಸೌಟು ಎತ್ತಿದರು. “ಹುಳಕ್ಕೆ ಕೇಳಿಸ್ತದೆ. ಜಗಳ ಇದ್ರೆ ಹೊರಗೆ. ಹುಣಸೇಮರ ಅಲ್ಲೈತೆ.”

ಇಬ್ಬರೂ ಬೆರಳ ತುದಿಯಲ್ಲಿ ಹೆಜ್ಜೆಯಿಡುತ್ತಾ ಹೊರಗೆ ಹೋದರು. ಹುಣಸೇಮರ ತಲುಪಿದ್ದೇ ತಡ, ಗೌತಮಿ ಬಾಯಿ ತೆರೆದಳು ನೋಡಿ... ಮರದಲ್ಲಿದ್ದ ಕಾಗೆಗಳು ಎದ್ದು ಆಂಧ್ರಕ್ಕೆ ಹೋಗಿ ಕೂತವು.

“ನಿಮಗೆ ಬರೀ ಒಂದು ಕಾಮಾ! ನನಗೆ? ಎರಡು ವರ್ಷದಿಂದ ಎಲ್ಲರೂ ‘ನಲ್ಲಪ್ಪನವರು ಹೇಳುವಂತೆ’, ‘ನಲ್ಲಪ್ಪನವರ ಪ್ರಕಾರ’ ಅಂತ ಬರೀತಿದ್ದಾರೆ. ನಾನು ಎಲ್ಲಿದ್ದೀನಿ ಅದ್ರಲ್ಲಿ? ಈಗ ನನ್ನ ಮಾತನ್ನ ನಾನು ಆಡಿದ್ರೂ ಕಳ್ಳತನ!”

ಅವಳ ಕಣ್ಣು ತುಂಬಿ ಬಂತು. ಅದನ್ನು ಮರೆಮಾಡಲು ಮರದ ಕಡೆ ತಿರುಗಿದಳು.

ಗಣೇಶ್ ಪ್ರಸಾದ್ ಅವಳ ಬೆನ್ನನ್ನೇ ನೋಡಿದ. ಎರಡು ವರ್ಷ ಮನಸ್ಸಿನಲ್ಲೇ ಮಾತಾಡಿಕೊಂಡು ಬಂದ ಜೀವ ಇವಳು! ಅವಳಿಗೇ ಕಳ್ಳಿ ಅಂದೆನಲ್ಲ...

“ತಪ್ಪು ನಂದು,” ಎಂದ. “ನಮ್ಮ ಪತ್ರಿಕೇಲಿ ಬಂದ ಲೇಖನಗಳ ಪಟ್ಟೀಲೂ ಹಂಗೇ ಹಾಕಿದವನು ನಾನೇ. ಭಾನುವಾರ ಎಲ್ಲರ ಮುಂದೆ ನಾನೇ ಹೇಳ್ತೀನಿ.”

“ನಿನ್ನೆ ದೂರು ಕೊಟ್ಟವರ ಮಾತನ್ನ ಇವತ್ತು ನಂಬಲಾ?”

“ಬೇಡ. ಭಾನುವಾರ ನಂಬಿ.”

ಅವನು ಮನೆಯತ್ತ ತಿರುಗಿದ. ಬಾಗಿಲ ಬಳಿ ನಿಂತ. ತೊಟ್ಟಿಯಿಂದ ಒಂದು ಚೊಂಬು ನೀರು ಮೊಗೆದು, ನಿಧಾನವಾಗಿ ಎರಡೂ ಕಾಲು ತೊಳೆದುಕೊಂಡು, ಸದ್ದಿಲ್ಲದೆ ಒಳಗೆ ಹೋಗಿ ಉಳಿದ ಮುದ್ದೆಯ ಮುಂದೆ ಕೂತ.

ಗೌತಮಿ ಮರದ ಕೆಳಗೇ ನಿಂತು ನೋಡಿದಳು. ಅವಳು ಬರೆದ ಸಾಲನ್ನು ಓದಿದವರು ಇರಬಹುದು. ಅದರಂತೆ ಕಾಲು ತೊಳೆದುಕೊಂಡವನು ಇವನೊಬ್ಬನೇ.

‘ಛೀ, ಏನೇ ಇದು ನಿನಗೆ,’ ಎಂದು ತನ್ನ ಎದೆಗೆ ತಾನೇ ಗದರಿಕೊಂಡಳು.

* * *

ಭಾನುವಾರ. ಚಿಕ್ಕಬಳ್ಳಾಪುರದ ಅದೇ ಮಹಡಿ.

ಸಮಿತಿಯವರೆಲ್ಲ ಬಂದು ಕೂತಿದ್ದರು. ನಡುವೆ ಸಂಪಾದಕ ಯೋಗನರಸಿಂಹ. ಗೌತಮಿ ಎದುರಿಗೆ ನಿಂತಿದ್ದಳು. ಗೋಡೆಯ ಪಕ್ಕದ ಬೆಂಚಿನಲ್ಲಿ ನಲ್ಲಪ್ಪ, ಪೆದ್ದಮ್ಮ.

ಗಣೇಶ್ ಪ್ರಸಾದ್ ಇರಲಿಲ್ಲ!

‘ಬರಲ್ಲ,’ ಎಂದುಕೊಂಡಳು. ‘ಕಾಲು ತೊಳೆದದ್ದು ನೋಡಿ ಕರಗಿದೆಯಲ್ಲ, ಬೇಕು ನಿನಗೆ.’

“ನೋಡಮ್ಮ,” ಎಂದರು ಯೋಗನರಸಿಂಹ. ಕೆಟ್ಟವರಲ್ಲ ಅವರು, ನಿಯಮದವರು. “ದಾಖಲೇಲಿ ನಲ್ಲಪ್ಪ ಅಂತಿದೆ. ನೀನು ಗೌತಮಿ. ಅದು ನಿಂದೇ ಅಂತ ಹೆಂಗೆ ಒಪ್ಕೊಳೋದು? ನಿಯಮ ಅಂದ್ರೆ ನಿಯಮ. ನಾಳೆ ನಿಮ್ಮ ಕಾಲೇಜಿಗೆ...”

ಬಾಗಿಲು ಧಡ್ ಎಂದು ತೆರೆಯಿತು.

ಬೆವರು ಸುರಿಸುತ್ತಾ ಗಣೇಶ್ ಪ್ರಸಾದ್ ನಿಂತಿದ್ದ. ತೋಳು ತುಂಬ ಹಳೇ ಸಂಚಿಕೆಗಳ ಕಟ್ಟು. ಮಂಚೇನಹಳ್ಳಿ ಹತ್ತಿರ ಬಸ್ಸು ಕೆಟ್ಟಿತ್ತು. ಅವನು ಆ ಬಸ್ಸನ್ನು ಒಬ್ಬನೇ ತಳ್ಳಿಕೊಂಡು ಚಿಕ್ಕಬಳ್ಳಾಪುರಕ್ಕೆ ಬಂದ. ಕಂಡಕ್ಟರ್ ಟಿಕೆಟ್ಟನ್ನೂ ಕೊಟ್ಟ.

“ಸುಳ್ಳು,” ಎಂದರು ರಾಮಲಕ್ಷ್ಮಮ್ಮ.

ಸರಿ. ಊರು ಹತ್ತಿರವಾದಾಗ ಸ್ಟಾರ್ಟ್ ಆಯಿತು ಅಂತಿಟ್ಟುಕೊಳ್ಳಿ. ಕಥೆಗೆ ಅಡ್ಡ ಬರಬೇಡಿ.

“ಸರ್, ನನ್ನ ದೂರು ತಪ್ಪು,” ಎಂದ. “ಕದ್ದಿದ್ದು ಮೇಡಂ ಅಲ್ಲ. ನಾನು. ಅವರ ಹೆಸರನ್ನ ನಾನೇ ಕದ್ದೆ. ಬರೀ ಅವರದಲ್ಲ... ಇಲ್ಲಿರೋ ಎಲ್ಲರದ್ದೂ!”

“ಏನ್ರೀ ಇದು?” ಎಂದರು ಸಂಪಾದಕರು.

ಅವನು ಒಂದು ಸಂಚಿಕೆ ಬಿಡಿಸಿದ. “‘ಮಂಚೇನಹಳ್ಳಿ, ಎ. ಕಡಲೇಕಾಯಿ ಬೆಳೆಯ ಇತಿಹಾಸ.’ ಇದನ್ನ ಬರೆದವರು ಯಾರು ಸರ್?”

 ಮೂಲೆಯಲ್ಲಿದ್ದ ಸಮಿತಿಯ ಸದಸ್ಯ ಆವುಲಪ್ಪ ಮೇಷ್ಟ್ರು ಕನ್ನಡಕ ಏರಿಸಿಕೊಂಡು ಎದ್ದರು. “ಅಯ್ಯೋ, ಅದು ನಂದು ಕಣ್ರೀ! ಮಂಚೇನಹಳ್ಳಿ ಆವುಲಪ್ಪ ನಾನು! ಊರು ಮುಂದೆ ಬಂದು ನಾನು ಬರೀ ‘ಎ’ ಆಗೋದ್ನಾ?”

“ನಮ್ಮ ಪಟ್ಟಿ ಪ್ರಕಾರ ಕಡಲೇಕಾಯಿ ಬಗ್ಗೆ ಬರೆದದ್ದು ಇಡೀ ಮಂಚೇನಹಳ್ಳಿ, ಸರ್. ಬಸ್‌ಸ್ಟ್ಯಾಂಡು, ಸಂತೆ ಎಲ್ಲಾ ಸೇರಿ.”

ಯಾರೋ ಕಿಸಕ್ಕೆಂದರು. ಗೌತಮಿಗೂ ತುಟಿ ಕಚ್ಚಿಕೊಳ್ಳಬೇಕಾಯಿತು.

ಅವನು ಇನ್ನೊಂದು ಸಂಚಿಕೆ ಬಿಡಿಸಿದ. ಈ ಸಲ ದನಿ ತಗ್ಗಿಸಿದ. “‘ವೆಂಕಟರಮಣಯ್ಯ, ವೈ. ಗ್ರಾಮೀಣ ಶಾಲೆಗಳಲ್ಲಿ ಕಂಪ್ಯೂಟರ್ ಶಿಕ್ಷಣ, 2003.’ ಇದು ಯಾರದ್ದು ಸರ್?”

ಯೋಗನರಸಿಂಹ ಗಂಭೀರವಾಗಿ ಹೇಳಿದರು. “ನಂದೇ. ವೆಂಕಟರಮಣಯ್ಯ ನಮ್ಮ ತಂದೆ.”

“ಅವರು ತೀರ್ಕೊಂಡಿದ್ದು ಯಾವಾಗ ಸರ್?”

“ನಾನು ಎಸ್ಸೆಸ್ಸೆಲ್ಸೀಲಿದ್ದಾಗ...” ಎಂದವರು ಅಲ್ಲೇ ನಿಂತರು.

 ಕಂಪ್ಯೂಟರ್ ಎಂಬ ಪದವನ್ನೇ ಕೇಳದೆ ಹೋದ ಮನುಷ್ಯ ಕಂಪ್ಯೂಟರ್ ಬಗ್ಗೆ ಬರೆದಿದ್ದರು. ಅಡಿಟಿಪ್ಪಣಿಯ ಸಮೇತ!

ಮೊದಲು ನಕ್ಕವರು ಆವುಲಪ್ಪ ಮೇಷ್ಟ್ರು. ಆಮೇಲೆ ಇಡೀ ಕೋಣೆ ನಕ್ಕಿತು. ಯೋಗನರಸಿಂಹ ನಗಲಿಲ್ಲ. ಆ ಪುಟವನ್ನು ಕೈಗೆ ತೆಗೆದುಕೊಂಡು ಸವರಿದರು.

“ಅವರ ಹೆಸರು ಅಚ್ಚಲ್ಲಿ ನೋಡಿ ಒಂಥರಾ ಖುಷಿಯಾಗಿತ್ತು,” ಎಂದರು ಮೆಲ್ಲಗೆ. “ಅದಕ್ಕೇ ತಪ್ಪು ಕಾಣ್ಲಿಲ್ಲ ಅನ್ಸುತ್ತೆ.”

ಬೆಂಚಿನಿಂದ ನಲ್ಲಪ್ಪ ಎದ್ದು ನಿಂತರು.

“ನಂಗೂ ಖುಷಿಯಾಗಿತ್ತು ಸಾರ್. ಊರಲ್ಲೆಲ್ಲಾ ತೋರ್ಸಿದೀನಿ. ಆದ್ರೆ ನನ್ನ ಮಗಳ ಹೆಸರು ಹೋಗಿ ನನ್ನದು ಬರೋದಾದ್ರೆ ನಂಗೆ ಬ್ಯಾಡ. ನಾನು ಗೂಡು ತೂಗಿದೋನು. ಒಬ್ಬರ ಗೂಡನ್ನ ಇನ್ನೊಬ್ಬರ ಲೆಕ್ಕಕ್ಕೆ ಯಾವತ್ತೂ ಹಾಕಿಲ್ಲ.”

ಗೌತಮಿ ಬೆಂಚಿನ ಕಡೆ ತಿರುಗಿದಳು. ‘ಅಪ್ಪಾ...’

ಸಂಪಾದಕರು ಅವಳ ಕಡೆ ತಿರುಗಿದರು. “ಸರಿನಮ್ಮ. ಹಾಗಾದ್ರೆ ಪಟ್ಟೀಲಿ ಏನಂತ ಹಾಕೋಣ? ನಿನ್ನ ಸರ್‌ನೇಮ್ ಏನು?”

ಇಷ್ಟು ದಿನ ಎದೆಯಲ್ಲಿದ್ದದ್ದು ಈಗ ತಾನಾಗಿ ಹೊರಬಂತು.

“ಇಲ್ಲ ಸರ್. ಬೇಕಂತಲೇ ಇಲ್ಲ. ನಾನು ಹುಟ್ಟಿದ ದಿನಾನೇ ನಮ್ಮಮ್ಮ ಹೋದ್ರು. ಪೆದ್ದಮ್ಮ ನನ್ನ ಎತ್ಕೊಂಡ್ರು. ಬುದ್ಧನಿಗೂ ಹಂಗೇ ಆಗಿದ್ದು. ತಾಯಿ ಹೋದ್ಮೇಲೆ ತಾಯಿಯ ತಂಗಿ ಸಾಕಿದ್ರು. ಅವರ ಹೆಸರು ಗೌತಮಿ. ಅಪ್ಪ ಅದನ್ನೇ ಇಟ್ರು. ಅದರ ಹಿಂದೆ ಏನೂ ಅಂಟಿಸ್ಲಿಲ್ಲ. ಯಾಕೆ ಗೊತ್ತಾ ಸರ್? ನನ್ನ ಹೆಸರಿನ ಬಾಲ ಹಿಡಿದು, ಇವಳು ಯಾವ ಕೇರಿಯವಳು ಅಂತ ಯಾರೂ ಕಂಡುಹಿಡೀಬಾರ್ದು ಅಂತ. ಗೌತಮಿ ಅಂದ್ರೆ ಅರ್ಧ ಹೆಸರಲ್ಲ, ಸರ್. ಅದೇ ಪೂರ್ತಿ.”

 ಪೆದ್ದಮ್ಮ ಸೆರಗಿನಲ್ಲಿ ಮೂಗು ಒರೆಸಿಕೊಂಡರು.

ಯೋಗನರಸಿಂಹ ಮೇಜಿನ ಮೇಲಿದ್ದ ನಿಯಮಗಳ ಹಾಳೆ ಎಳೆದುಕೊಂಡು, ಒಂದು ಸಾಲನ್ನು ಅಡ್ಡಗೀಟು ಹಾಕಿ ಹೊಡೆದರು. ಬರೆಯುತ್ತಾ ಗಟ್ಟಿಯಾಗಿ ಓದಿದರು.

“ಬರೆದವರು ತಮ್ಮ ಹೆಸರನ್ನು ಹೇಗೆ ಹೇಳುತ್ತಾರೋ, ಹಾಗೇ ಅಚ್ಚು ಮಾಡತಕ್ಕದ್ದು. ದೂರು ರದ್ದು. ಹೊಸ ಲೇಖನ ಮುಂದಿನ ಸಂಚಿಕೇಲಿ, ಮೊದಲನೇ ಪುಟಕ್ಕೆ!”

ಚಪ್ಪಾಳೆ ಬಿತ್ತು. ಎಷ್ಟು ಜೋರು ಅಂದರೆ, ಕೆಳಗೆ ಬೇಕರಿಯವನು ಮಳೆ ಬಂತೆಂದು ಹೊರಗಿಟ್ಟಿದ್ದ ರಸ್ಕಿನ ಟ್ರೇಗಳನ್ನೆಲ್ಲ ಒಳಗೆ ಎಳೆದುಕೊಂಡ.

ಆ ಗದ್ದಲದ ನಡುವೆ ಗೌತಮಿ ಗಣೇಶ್ ಪ್ರಸಾದನ ಕಡೆ ನೋಡಿದಳು. ಅವನು ಚಪ್ಪಾಳೆ ಹೊಡೆಯುತ್ತಿರಲಿಲ್ಲ. ಅವಳನ್ನೇ ನೋಡುತ್ತಾ ತುಟಿ ಅಲ್ಲಾಡಿಸಿದ, ಜ್ವರಕ್ಕೆ ಕೂತ ಹುಳಕ್ಕೂ ಕೇಳಿಸದ ಹಾಗೆ.

“ಭಾನುವಾರ.”

* * *

ಹುಳು ಹಣ್ಣಾಗಿ ಚಂದ್ರಿಕೆ ಏರಿದವು. ಆ ಬಿದಿರಿನ ತಟ್ಟೆಗಳ ಸುತ್ತಿನಲ್ಲಿ ಕೂತು ಗೂಡು ಕಟ್ಟತೊಡಗಿದವು. ಅಂಥ ಒಂದು ಸಂಜೆ ನಲ್ಲಪ್ಪ ಹೊರಗಿನಿಂದ ಕೂಗಿದರು. “ಗೌತಮೀ, ನಿನ್ನ ಕಾಮಾ ಬಂದೈತೆ ನೋಡಮ್ಮ!”

ಹುಣಸೇಮರದ ಕೆಳಗೆ ಗಣೇಶ್ ಪ್ರಸಾದ್ ನಿಂತಿದ್ದ.

“ಒಳಗೆ ಬನ್ನಿ. ಜಗಳ ಏನಾದ್ರೂ ಇದ್ಯಾ?”

“ಇರಬಹುದು. ಅದಕ್ಕೇ ಇಲ್ಲೇ ನಿಂತೆ.”

ಅವನು ಅಚ್ಚಿನ ವಾಸನೆ ಇನ್ನೂ ಹೋಗದ ಒಂದು ಹಾಳೆ ಕೊಟ್ಟ. ಅವಳ ಹೊಸ ಲೇಖನದ ಕೊನೆಯ ಪುಟ.

‘ಗೌತಮಿ. 2004. ಹುಳುಮನೆಯ ಹೆಂಗಸರು.’

ಮುಂದೆ ಏನೂ ಇರಲಿಲ್ಲ. ಹಿಂದೆ ಏನೂ ಇರಲಿಲ್ಲ. ಅವಳು ಬೆರಳಿನಿಂದ ಆ ಹೆಸರನ್ನು ಮುಟ್ಟಿದಳು. ಮೂರು ಅಕ್ಷರ, ಎಷ್ಟು ಜಾಗ ಹಿಡಿದು ಕೂತಿತ್ತು!

“ಅದು ಪತ್ರಿಕೆ ತಿದ್ದುಪಡಿ,” ಎಂದ ಅವನು. “ನಂದೂ ಒಂದು ತಿದ್ದುಪಡಿ ಇದೆ.”

“ಏನು?”

“ಎರಡು ವರ್ಷದಿಂದ ಒಬ್ಬರನ್ನ ಇಷ್ಟಪಡ್ತಿದ್ದೆ. ಹೆಸರು ತಪ್ಪಾಗಿತ್ತು... ಮನುಷ್ಯರು ಸರಿಯಾಗೇ ಇದ್ರು.”

 ಗೌತಮಿ ನಗು ತಡೆದುಕೊಂಡಳು. “ನಮ್ಮಪ್ಪನಿಗೆ ಬೇಜಾರಾಗುತ್ತೆ.”

“ಅವರಿಗೆ ಹೇಳೇ ಬಂದೆ. ‘ಪರವಾಗಿಲ್ಲ, ನಂಗೂ ವಯಸ್ಸಾಯ್ತು’ ಅಂದ್ರು.”

ಈ ಸಲ ನಗು ತಡೆಯಲಾಗಲಿಲ್ಲ. ನಕ್ಕು ಮುಗಿದ ಮೇಲೆ ಅವಳು ಕೇಳಲೇಬೇಕಾಗಿದ್ದನ್ನು ಕೇಳಿದಳು. “ನಿಮ್ಮ ಮನೇಲಿ...?”

ಅವನೂ ಗಂಭೀರನಾದ. “ಹೇಳ್ದೆ. ಅಮ್ಮ ಕೇಳಿದ್ರು, ‘ಹುಡುಗಿ ಹೆಸರಿನ ಮುಂದೆ ಹಿಂದೆ ಏನಿದೆ’ ಅಂತ. ‘ಏನೂ ಇಲ್ಲ, ಅಷ್ಟೇ ಹೆಸರು’ ಅಂದೆ. ಒಂದು ವಾರ ನನ್ನ ಜೊತೆ ಮಾತಿಲ್ಲ, ಕಾಫಿ ಇಲ್ಲ. ಆಮೇಲೆ ಒಂದಿನ ನೋಡ್ತೀನಿ, ನಿಮ್ಮ ಲೇಖನ ಹಿಡ್ಕೊಂಡು ಕೂತಿದ್ದಾರೆ. ಓದಿ ಮುಗಿಸಿ ಕಣ್ಣೊರೆಸ್ಕೊಂಡು, ‘ನಮ್ಮನೇಲೂ ಒಂದು ಹುಣಸೇಮರ ಇರಬೇಕಿತ್ತು ಕಣೋ... ಕರ್ಕೊಂಡು ಬಾ’ ಅಂದ್ರು.”

ಗೌತಮಿ ಆ ಹಾಳೆಯನ್ನು ಮೆಲ್ಲಗೆ ಮಡಿಚಿದಳು. ಒಳಗೆ ಹುಳುಗಳು ನೂಲು ಸುತ್ತುತ್ತಿದ್ದವು.

“ಮದುವೆ ಆದ್ಮೇಲೆ ನನ್ನ ಹೆಸರಿಗೆ ನಿಮ್ಮದು ಅಂಟಿಸ್ತೀರಾ?”

“ನಾನೇ ‘ಪ್ರಸಾದ್, ಜಿ.’ ಆಗಿ ಸಾಯ್ತಿದ್ದೀನಿ. ನಿಮ್ಮ ಹೆಸರಿಗೆ ಒಂದು ಫುಲ್‌ಸ್ಟಾಪ್ ಕೂಡ ಮುಟ್ಟಿಸಲ್ಲ.”

“ಫುಲ್‌ಸ್ಟಾಪ್ ಬೇಡ. ಕಾಮಾ ಹಾಕಿ.”

“ಕಾಮಾನಾ? ಅದರಿಂದಲೇ ಅಲ್ವಾ ಇಷ್ಟೆಲ್ಲಾ...”

“ಈ ಸಲ ನನ್ನ ಹೆಸರು ಪೂರ್ತಿ ಆದ್ಮೇಲೆ,” ಎಂದಳು ಗೌತಮಿ, ಪಿಸುದನಿಯಲ್ಲಿ. “ಪಕ್ಕದಲ್ಲಿ ನಿಮ್ಮದು, ಅದೂ ಪೂರ್ತಿ. ಒಂದು ಬರಹಕ್ಕೆ ಇಬ್ಬರಿದ್ರೆ ಹಂಗೇ ಅಲ್ವಾ ಬರೆಯೋದು?”

 ಅವನು ತೊಟ್ಟಿಯ ಹತ್ತಿರ ಹೋಗಿ ಚೊಂಬು ತುಂಬ ನೀರು ತಂದ. ಮೊದಲು ಅವಳ ಕಾಲಿಗೆ ಹೊಯ್ದ. ಆಮೇಲೆ ತನ್ನ ಕಾಲಿಗೆ. ಇಬ್ಬರೂ ಒಳಗೆ ಹೋದರು.

* * *

ಆಮೇಲೆ ಮದುವೆ. ಲಗ್ನಪತ್ರಿಕೆಯ ಕೊನೆಯಲ್ಲಿ ಒಂದು ರೆಫರೆನ್ಸ್ ಪಟ್ಟಿಯೂ ಇತ್ತು ಅಂದರೆ ನೀವು ನಂಬಬೇಕು. ಮೊದಲನೆಯದು ಪೆದ್ದಮ್ಮ, ಎರಡನೆಯದು ಹುಣಸೇಮರ. ಬಂದವರೆಲ್ಲ ಊಟ ಬಿಟ್ಟು ಅದನ್ನೇ ಓದಿದರು. ಬೇಕರಿಯವನು ಆಳೆತ್ತರದ ಬನ್ನು ಮಾಡಿ ಎತ್ತಿನಗಾಡಿಯಲ್ಲಿ ತಂದಿದ್ದ. ಆದರೆ ನಿಜವಾದ ಸ್ವಾರಸ್ಯ ಅದಲ್ಲ. ಯೋಗನರಸಿಂಹ ನಲ್ಲಪ್ಪನವರಿಗೆ ಶಾಲು ಹೊದಿಸಿ ಮೈಕು ಕೊಟ್ಟರು ನೋಡಿ, ಇಡೀ ಛತ್ರ ಕತ್ತು ಚಾಚಿತು. ನಲ್ಲಪ್ಪ ಎದ್ದು ನಿಂತು, ಗಂಟಲು ಸರಿಮಾಡಿಕೊಂಡು, ಬೀಗಿತ್ತಿಯ ಕಡೆ ತಿರುಗಿ...

ಅಲ್ಲ ರಾಮಲಕ್ಷ್ಮಮ್ಮ, ಎಲ್ಲಿಗೆ ಎದ್ರಿ? ಒಂದು ಗಳಿಗೆ ತಡವಾದ್ರೆ ನಿಮ್ಮ ಹುಳ ಏನು ಬೈಯ್ತವಾ? ಅವರು ಏನಂದ್ರು ಅಂತ ಒಂದು ಮಾತು ಕೇಳಿಸ್ಕೊಂಡಾದ್ರೂ ಹೋಗ್ರಿ, ಸತ್ಯವಾಗ್ಲೂ ನಾನೇ ಅಲ್ಲಿ ಪಕ್ಕದಲ್ಲೇ ಕೂತು ಕೇಳಿದ್ದು...